‘ಯೆಸ್ ಮಿನಿಸ್ಟರ್’ ಆಚೆಗಿನ ನಗು

ಬ್ರಿಟಿಷ್ ಹಾಸ್ಯ ಧಾರಾವಾಹಿ ಎಂದೊಡನೆ ನಮ್ಮ ತಲೆಮಾರಿನವರ ಬಾಯಲ್ಲಿ ಬರುವುದು ಎರಡೇ ಹೆಸರು. ಒಂದು ‘ಯೆಸ್ ಮಿನಿಸ್ಟರ್’, ಇನ್ನೊಂದು ‘ಮೈಂಡ್ ಯುವರ್ ಲ್ಯಾಂಗ್ವೇಜ್’. ಎರಡಕ್ಕೂ ಹಿಂದಿ ಅವತಾರಗಳು ಬಂದವು. ಫಾರೂಖ್ ಶೇಖ್ ಅವರ ‘ಜೀ ಮಂತ್ರೀಜಿ’ ಮತ್ತು ಪಂಕಜ್ ಕಪೂರ್ ಅವರ ‘ಜಬಾನ್ ಸಂಭಾಲ್ ಕೆ’ ನಿಮಗೂ ನೆನಪಿರಬಹುದು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಇಲ್ಲಿ ಪುಣೆಯ ಮನೆಯಲ್ಲಿ ಕೂತು, ಈ ಎರಡರ ಆಚೆಗೆ ಏನಿದೆ ಎಂದು ಹುಡುಕಲು ಹೊರಟೆ. ಕೆಲವು ಡಿವಿಡಿಯಲ್ಲಿ ಸಿಕ್ಕವು, ಕೆಲವು ಯೂಟ್ಯೂಬಿನ ಮಸುಕು ಮಸುಕಾದ ಪ್ರತಿಗಳಲ್ಲಿ. ಎರಡು ವರ್ಷದಿಂದ ಸಂಜೆಯ ಸುದ್ದಿವಾಹಿನಿಗಳ ಗದ್ದಲ ನಮ್ಮ ಮನೆಯಲ್ಲಿ ಇಲ್ಲ. ಇದಂತೂ ನಿಶ್ಚಿತ ಲಾಭ.

ಈ ಹುಡುಕಾಟಕ್ಕೆ ಒಂದು ಅನುಕೂಲವಿದೆ. ನಮ್ಮ ‘ಪಾಪ ಪಾಂಡು’ವಿನ ಹಾಗೆ ಇವು ನೂರಾರು ಕಂತು ಎಳೆಯುವುದಿಲ್ಲ. ಬಿಬಿಸಿಯಲ್ಲಿ ಒಂದು ಸರಣಿಗೆ ಸಾಮಾನ್ಯವಾಗಿ ಆರೇಳು ಕಂತು, ಒಂದೊಂದೂ ಅರ್ಧ ಗಂಟೆ. ಬರೆಯುವವರು ಒಬ್ಬರು ಅಥವಾ ಇಬ್ಬರು. ಹಿನ್ನೆಲೆಯಲ್ಲಿ ಕೇಳುವ ನಗು ಬಹುಪಾಲು ಸ್ಟುಡಿಯೋದಲ್ಲಿ ಕೂತಿದ್ದ ಪ್ರೇಕ್ಷಕರದೇ. ಆ ನಗು ಇಳಿಯುವವರೆಗೆ ನಟ ಕಾಯುತ್ತಾನೆ, ಹುಬ್ಬು ಏರಿಸುತ್ತಾನೆ, ಆಮೇಲೆ ಮುಂದಿನ ಮಾತು. ಕನ್ನಡ ಸಂಘದ ನಾಟಕಗಳಲ್ಲಿ ಬಣ್ಣ ಹಚ್ಚಿದವರಿಗೆ ಈ ಕಾಯುವಿಕೆಯ ಕಷ್ಟ ಗೊತ್ತು.

ಅನನುಕೂಲವೂ ಇದೆ. ಅರವತ್ತರ ದಶಕದ ಎಷ್ಟೋ ಕಂತುಗಳು ಇಂದು ಇಲ್ಲವೇ ಇಲ್ಲ. ವಿಡಿಯೋ ಟೇಪು ದುಬಾರಿಯಾಗಿತ್ತು, ಆದ್ದರಿಂದ ಬಿಬಿಸಿ ಅದನ್ನೇ ಒರೆಸಿ ಮತ್ತೆ ಬಳಸುತ್ತಿತ್ತು. ನಮ್ಮ ಅಜ್ಜಂದಿರು ಸ್ಲೇಟು ಒರೆಸಿದಷ್ಟೇ ಸಲೀಸಾಗಿ! ಅಲ್ಲಿ ಮನೆಮಾತಾದ ‘ಡ್ಯಾಡ್ಸ್ ಆರ್ಮಿ’ಯ ಮೂರು ಕಂತುಗಳು ಕೂಡ ಇನ್ನೂ ಸಿಕ್ಕಿಲ್ಲ. ಅದರ ಎರಡು ಕಂತುಗಳ ಹಳೆಯ ಫಿಲಂ ಸುರುಳಿ 2001ರಲ್ಲಿ ಪತ್ತೆಯಾದಾಗ ದೊಡ್ಡ ಸುದ್ದಿಯಾಯಿತು.

ಉಳಿದುಬಂದದ್ದೆಲ್ಲ ಚಿನ್ನವೂ ಅಲ್ಲ. ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಜನಪ್ರಿಯವಾಗಿರುವಾಗಲೇ, 1979ರಲ್ಲಿ, ಲಂಡನ್ ವೀಕೆಂಡ್ ಟೆಲಿವಿಷನ್ನಿನ ಮೈಕೆಲ್ ಗ್ರೇಡ್ ಅದನ್ನು ನಿಲ್ಲಿಸಿದರು. ಪರದೇಶದವರನ್ನು ಅಚ್ಚಿನಲ್ಲಿ ಹೊಯ್ದ ಗೊಂಬೆಗಳಂತೆ ತೋರಿಸುವುದು ಅವರಿಗೆ ಸರಿ ಕಾಣಲಿಲ್ಲ. ನಾವು ಭಾರತೀಯರು ಮಾತ್ರ ಅದನ್ನು ಇಂದಿಗೂ ನೋಡಿ ನಗುತ್ತೇವೆ. ಹಾಗಾದರೆ ಅಳೆಯುವುದು ಹೇಗೆ? ನನ್ನ ಅಳತೆಗೋಲು ಇದು: ಯಾರನ್ನು ನೋಡಿ ನಗಿಸುತ್ತಾರೋ ಆ ಮನುಷ್ಯನನ್ನು ಬರೆದವನು ಒಳಗಿನಿಂದ ಬಲ್ಲನೇ? ನಗು ಮುಗಿದ ಮೇಲೂ ಆ ಪಾತ್ರಕ್ಕೆ ಉಸಿರಿದೆಯೇ?

ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದ್ದು ‘ಇಟ್ ಎಯ್ನ್ಟ್ ಹಾಫ್ ಹಾಟ್ ಮಮ್’ ನೋಡುವಾಗ. 1974ರಿಂದ 1981ರವರೆಗೆ ಎಂಟು ಸರಣಿ ಬಂದ ಇದರ ಕಥೆ ಆರಂಭವಾಗುವುದು ನಮ್ಮ ನಾಸಿಕದ ಮಗ್ಗುಲಿನ ದೇವಳಾಲಿಯಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. ಸೈನಿಕರನ್ನು ರಂಜಿಸಲು ಹಾಡು-ಕುಣಿತದ ಒಂದು ತಂಡ. ಅವರನ್ನು ‘ಗಂಡಸರನ್ನಾಗಿ’ ಮಾಡಲು ಗರ್ಜಿಸುವ ಸಾರ್ಜೆಂಟ್ ಮೇಜರ್ ವಿಲಿಯಮ್ಸ್. ಬರೆದವರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿ ದೇವಳಾಲಿಯ ಇಂಥದೇ ತಂಡದಲ್ಲಿ ಇದ್ದವರು. ಜೊತೆಗಾರ ಡೇವಿಡ್ ಕ್ರಾಫ್ಟ್ ಕೂಡ ಸೈನ್ಯದಲ್ಲಿದ್ದಾಗ ಭಾರತಕ್ಕೆ ಬಂದವರೇ. ಊರಿಗೆ ಮರಳುವ ಹಡಗಿಗಾಗಿ ಬಿಸಿಲಲ್ಲಿ ಕಾದು ಕಾದು ತಲೆಕೆಟ್ಟ ಗೋರಾ ಸಿಪಾಯಿಗಳಿಂದಾಗಿ ‘ದೇವಳಾಲಿ’ ಎಂಬ ಹೆಸರೇ ‘ಡೂಲಾಲಿ’ಯಾಗಿ, ಹುಚ್ಚು ಎಂಬ ಅರ್ಥದಲ್ಲಿ ಇಂಗ್ಲಿಷ್ ನಿಘಂಟು ಸೇರಿತು. ನಾಸಿಕಕ್ಕೆ ಹೋಗುವಾಗ ಆ ರೈಲು ನಿಲ್ದಾಣದ ಫಲಕ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕಷ್ಟವಿರುವುದು ರಂಗಿ ರಾಮನ ಪಾತ್ರದಲ್ಲಿ. ಸೈನ್ಯದ ಈ ಬೇರರ್ ಮಾತೆತ್ತಿದರೆ ‘ನಾವು ಬ್ರಿಟಿಷರು’ ಎನ್ನುತ್ತಾನೆ. ಪಾತ್ರ ಮಾಡಿದ ಮೈಕೆಲ್ ಬೇಟ್ಸ್ ಬಿಳಿಯ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡವರು. ಹುಟ್ಟಿದ್ದು ಝಾನ್ಸಿಯಲ್ಲಿ, ಯುದ್ಧದಲ್ಲಿ ಗೂರ್ಖಾಗಳ ಜೊತೆ ಬರ್ಮಾದಲ್ಲಿ ಇದ್ದವರು, ಭಾಷೆ ಬಲ್ಲವರು. ಪಕ್ಕದಲ್ಲೇ ಢಾಕಾದಲ್ಲಿ ಹುಟ್ಟಿದ ಡಿನೋ ಶಫೀಕ್ ಚಾಯ್‌ವಾಲಾನಾಗಿ ನಿಂತಿರುವಾಗ ಈ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ. ಬಿಬಿಸಿ ಈಗ ಇದನ್ನು ಮರುಪ್ರಸಾರ ಮಾಡುವುದಿಲ್ಲ, ಅದಕ್ಕೆ ನನ್ನ ತಕರಾರೂ ಇಲ್ಲ. ಆದರೂ ರಂಗಿ ರಾಮನನ್ನು ಗೊಂಬೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಸಾಹೇಬನ ಬೂಟು ಒರೆಸುತ್ತಲೇ ತಾನೇ ಸಾಹೇಬನೆಂದು ನಂಬಿದ, ಕೆಳಗಿನವನನ್ನು ಗದರಿಸುವ ಆ ಮನುಷ್ಯ ನಮ್ಮ ಕಚೇರಿಗಳಿಂದ ಇನ್ನೂ ಹೋಗಿಲ್ಲ. ಹೊರಗೆ ಕೂತು ಹಗ್ಗ ಎಳೆಯುವ ಪಂಖಾವಾಲಾ ರಮ್ಜಾನನದು ಇನ್ನೂ ಸೊಗಸು. ಉರ್ದುವಿನಲ್ಲಿ ಗೊಣಗಿ ಗೊಣಗಿ ಕೊನೆಗೆ ಚುರುಕಾದ ಒಂದು ಇಂಗ್ಲಿಷ್ ಮಾತು ಬಿಡುತ್ತಾನೆ. ಇಡೀ ಶಿಬಿರದಲ್ಲಿ ಬುದ್ಧಿ ಇರುವುದು ಇವನೊಬ್ಬನಿಗೇ ಎನಿಸುತ್ತದೆ. ಆ ಗೊಣಗಾಟ ಇಂಗ್ಲೆಂಡಿನ ಹೆಚ್ಚಿನ ಪ್ರೇಕ್ಷಕರಿಗೆ ಬರೀ ಸದ್ದು. ನಮಗೆ ಅದು ಮಾತು.

ಇದೇ ಅಳತೆಯಲ್ಲಿ ‘ಕರಿ ಅಂಡ್ ಚಿಪ್ಸ್’ ನಪಾಸು. 1969ರದು. ಅಹಮದ್‌ನಗರದಲ್ಲಿ ಹುಟ್ಟಿ, ಪುಣೆಯಲ್ಲಿ ಶಾಲೆಗೆ ಹೋದ ಸ್ಪೈಕ್ ಮಿಲಿಗನ್ ಎಂಬ ಮಹಾ ಪ್ರತಿಭೆ ಇಲ್ಲೂ ಬಣ್ಣ ಬಳಿದುಕೊಂಡು ಪಾಕಿಸ್ತಾನಿ ಕಾರ್ಮಿಕನಾಗುತ್ತಾನೆ. ಆರೇ ಕಂತಿಗೆ ನಿಂತಿತು. ಜನಾಂಗದ್ವೇಷಿಗಳನ್ನು ಗೇಲಿ ಮಾಡುವುದು ಬರೆದವರ ಉದ್ದೇಶವಂತೆ, ಆದರೆ ಕಿವಿಯಲ್ಲಿ ಉಳಿಯುವುದು ಬೈಗುಳ ಮಾತ್ರ.

ಇದಕ್ಕೆ ಉತ್ತರ ಪುಣೆಯ ಹುಡುಗನಿಂದಲೇ ಬಂತು ಎನ್ನಲು ನನಗೆ ಖುಷಿ. ಇಲ್ಲಿಯೇ ಹುಟ್ಟಿ ಬೆಳೆದ ಪಾರ್ಸಿ ಲೇಖಕ ಫರೂಖ್ ಧೋಂಡಿ ಚಾನೆಲ್ 4ಕ್ಕಾಗಿ ಬರೆದ ‘ತಂದೂರಿ ನೈಟ್ಸ್’ 1985ರಲ್ಲಿ ಶುರುವಾಯಿತು. ಲಂಡನ್ನಿನಲ್ಲಿ ಎರಡು ಭಾರತೀಯ ಹೋಟೆಲುಗಳ ಪೈಪೋಟಿ. ಒಂದರ ಹೆಸರು ‘ದಿ ಜ್ಯುಯೆಲ್ ಇನ್ ದಿ ಕ್ರೌನ್’, ಇನ್ನೊಂದರದು ‘ದಿ ಫಾರ್ ಪೆವಿಲಿಯನ್ಸ್’. ಹಿಂದಿನ ವರ್ಷವಷ್ಟೇ ಬ್ರಿಟಿಷ್ ಟಿವಿಯಲ್ಲಿ ರಾಜ್ ಕಾಲದ ಹಂಬಲ ಹರಿಸಿದ್ದ ಎರಡು ಭಾರಿ ಧಾರಾವಾಹಿಗಳ ಹೆಸರುಗಳವು. ‘ನಿಮಗೆ ಬೇಕಾದ ಇಂಡಿಯಾವನ್ನೇ ಬಡಿಸುತ್ತೇವೆ, ಬಿಲ್ಲು ಕೊಡಿ’ ಎಂದಂತೆ! ಮಾಲೀಕ ಜಿಮ್ಮಿ ಶರ್ಮಾ ಆಗಿ ಸಯೀದ್ ಜಾಫ್ರಿ. ಜೊತೆಗೆ ಜೋಹ್ರಾ ಸೆಹಗಲ್. ಮುಂಬಯಿ-ಪುಣೆಯ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆ ನೋಡಿದವರಿಗೆ ಈ ಜಿಮ್ಮಿ ಅಪರಿಚಿತನಲ್ಲ. ಕೆಲವು ಕಡೆ ಮಾತು ನಾಟಕೀಯವಾಯಿತು ನಿಜ, ಆದರೆ ನಗುವಿನ ಚುಕ್ಕಾಣಿ ಇಲ್ಲಿ ನಮ್ಮವರ ಕೈಯಲ್ಲಿದೆ.

ಕಾರ್ಲಾ ಲೇನ್ ಅವರ ‘ಬಟರ್‌ಫ್ಲೈಸ್’ ಬಗ್ಗೆ ಎರಡೇ ಮಾತು. ಅಡುಗೆ ಕೆಡಿಸುವ ಗೃಹಿಣಿಯ ಜೋಕು ನಾಲ್ಕನೇ ಸಲಕ್ಕೆ ಸಾಕಾಗುತ್ತದೆ. ಆದರೆ ಚಿಟ್ಟೆ ಸಂಗ್ರಹಿಸುವ ದಂತವೈದ್ಯ ಗಂಡನ ಮೌನ ನೋಡಬೇಕಾದದ್ದು.

ನನಗೆ ಸಿಕ್ಕ ನಿಜವಾದ ನಿಧಿ ‘ಎವರ್ ಡಿಕ್ರೀಸಿಂಗ್ ಸರ್ಕಲ್ಸ್’. 1984ರಿಂದ 1989ರವರೆಗೆ ಬಿಬಿಸಿಯಲ್ಲಿ ಬಂತು. ಬರೆದವರು ಜಾನ್ ಎಸ್ಮಂಡ್ ಮತ್ತು ಬಾಬ್ ಲಾರ್ಬಿ. ಇವರದೇ ‘ದಿ ಗುಡ್ ಲೈಫ್’ ಹೆಚ್ಚು ಪ್ರಸಿದ್ಧ, ಆದರೆ ನನ್ನ ಮತ ಇದಕ್ಕೆ. ಒಂದು ಸಣ್ಣ ಬಡಾವಣೆ. ಅಲ್ಲಿನ ಸಕಲ ಕಮಿಟಿಗಳ ಜೀವಾಳ ಮಾರ್ಟಿನ್ ಬ್ರೈಸ್. ಪಟ್ಟಿ, ನೋಟಿಸು, ವೇಳಾಪಟ್ಟಿ ಇಲ್ಲದೆ ಅವನಿಗೆ ಉಸಿರಾಡಲಾಗದು. ಹಜಾರದಲ್ಲಿ ಫೋನಿನ ರಿಸೀವರ್ ತಿರುಗುಮುರುಗಾಗಿದ್ದರೆ ಸರಿಯಾಗಿ ಇಟ್ಟೇ ಮುಂದೆ ಹೋಗುತ್ತಾನೆ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಟ್ಯಾಂಕರಿನ ಲೆಕ್ಕ ಬರೆಯುವವರು, ಕನ್ನಡ ಸಂಘದಲ್ಲಿ ರಾಜ್ಯೋತ್ಸವದ ಕುರ್ಚಿ ಎಣಿಸುವವರು ಇವರೇ ಅಲ್ಲವೇ? ಹಿಂದಿನಿಂದ ನಗುತ್ತೇವೆ. ಅವರು ಒಂದು ತಿಂಗಳು ಊರಿಗೆ ಹೋದರೆ ಸಂಘದ ಬಾಗಿಲು ತೆರೆಯುವುದಿಲ್ಲ.

ಅಂಥ ಮಾರ್ಟಿನ್ ಪಕ್ಕಕ್ಕೆ ಪಾಲ್ ಎಂಬವನು ಬರುತ್ತಾನೆ. ಚೆಲುವ, ಕೇಂಬ್ರಿಜ್‌ನಲ್ಲಿ ಓದಿದವನು, ಮುಟ್ಟಿದ್ದೆಲ್ಲ ಸಲೀಸು. ಅವನು ಖಳನೂ ಅಲ್ಲ, ಮಾರ್ಟಿನ್ ಮೇಲೆ ಅವನಿಗೆ ನಿಜವಾದ ಪ್ರೀತಿ. ಅದೇ ಮಾರ್ಟಿನ್‌ನ ನರಕ! ಹೆಂಡತಿ ಆ್ಯನ್ ಪಾಲ್ ಕಡೆ ನೋಡುವ ಒಂದೊಂದು ಕ್ಷಣವನ್ನು ಪೆನೆಲೊಪಿ ವಿಲ್ಟನ್ ಕಣ್ಣಲ್ಲೇ ಹೇಳಿ ನಿಲ್ಲಿಸುತ್ತಾರೆ. ಏನೂ ನಡೆಯುವುದಿಲ್ಲ. ಕೈಲಾಸಂ ನಾಟಕ ನೋಡಿ ಬೆಳೆದವರಿಗೆ ಗೊತ್ತು, ನಗುತ್ತಿರುವಾಗಲೇ ಗಂಟಲು ಬಿಗಿಯುವುದು ಎಂದರೇನು ಎಂದು. ಮಾರ್ಟಿನ್ ಆದ ರಿಚರ್ಡ್ ಬ್ರಯರ್ಸ್ ಎಲ್ಲೂ ನಮ್ಮ ಮರುಕ ಬೇಡುವುದಿಲ್ಲ, ಅದಕ್ಕೇ ಸಿಗುತ್ತದೆ.

ಇದರ ಕೊನೆಯ ವಿಶೇಷ ಕಂತು 1989ರ ಕ್ರಿಸ್‌ಮಸ್ ಸಮಯದ್ದು. ಮಾರ್ಟಿನ್‌ನ ಕಂಪನಿ ದೂರದ ಆಸ್‌ವೆಸ್ಟ್ರಿಗೆ ಹೊರಟಿದೆ. ಹೋದರೆ ನೌಕರಿ ಉಂಟು, ಬಡಾವಣೆ ಇಲ್ಲ. ಈ ವಯಸ್ಸಿನಲ್ಲಿ ಆ್ಯನ್ ಬಸುರಿ ಬೇರೆ. ವರ್ಗಾವಣೆಯ ಆದೇಶ ಕೈಯಲ್ಲಿ ಹಿಡಿದು ಹೊಸಪೇಟೆ, ಸೊಲ್ಲಾಪುರ, ಪುಣೆ ಎಂದು ಮೂಟೆ ಕಟ್ಟಿದ ನನ್ನಂಥವರು ಆ ಕಂತನ್ನು ಹಾಸ್ಯವೆಂದು ನೋಡಲಾರೆವು. ಅದೊಂದನ್ನು ಮೊದಲೇ ನೋಡಬೇಡಿ. ಮೊದಲ ಸರಣಿಯಿಂದ ಬನ್ನಿ, ಹೊವರ್ಡ್ ಮತ್ತು ಹಿಲ್ಡಾ ಎಂಬ ದಂಪತಿಗಳು ಒಂದೇ ಬಗೆಯ ಸ್ವೆಟರ್ ತೊಟ್ಟು ಬರುವುದು ನಿಮಗೆ ರೂಢಿಯಾಗಲಿ.