ಗಾಡಿಕೊಟ್ಟಿಗೆಯ ಗೋಡೆ ದುರಸ್ತಿಗೆ ಮರದ ಆಸರೆ

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಗಳ ಹಳೆಯ ಗಾಡಿಕೊಟ್ಟಿಗೆಗಳಲ್ಲಿ ಮಣ್ಣುಗಾರೆಯ ಕಲ್ಲುಗೋಡೆಗಳುಂಟು. ಮಳೆನೀರಿನಿಂದ ಗಾರೆ ಕರಗಿದಲ್ಲಿ, ಗೋಡೆಯನ್ನು ಬಿಚ್ಚುವುದಕ್ಕೆ ಮೊದಲು ಚಾವಣಿಯ ತೊಲೆಗಳಿಗೆ ಕಂಬಗಳ ಆಸರೆ ಕೊಡತಕ್ಕದ್ದು. ಇಂತಹ ಗೋಡೆಗೆ ಮರವನ್ನು ಮೊಳೆಯಿಂದ ಬಡಿದು ನಿಲ್ಲಿಸಕೂಡದು. ಮಣ್ಣುಗಾರೆ ಮೊಳೆಯನ್ನು ಹಿಡಿಯದು, ಏಟಿಗೆ ಕಲ್ಲುಗಳೂ ಸಡಿಲುವುವು. ಅದರ ಬದಲು, ಕೆಟ್ಟ ಭಾಗದ ಮೇಲ್ಗಡೆ ರಂಧ್ರ ಬಿಡಿಸಿ, ಗಟ್ಟಿಮರದ ತುಂಡನ್ನು ಗೋಡೆಯ ಆಚೆಯಿಂದೀಚೆಗೆ ತೂರಿಸಿ, ಅದರ ಎರಡು ತುದಿಗಳಿಗೂ ಅಡಿಹಲಗೆಯ ಮೇಲೆ ಕಂಬ ನಿಲ್ಲಿಸಿ, ಜೋಡುಬೆಣೆಗಳಿಂದ ಮೆಲ್ಲಗೆ ಬಿಗಿಸಬೇಕು. ತೆಂಗಿನ ಮರವಾದರೆ ಬಲಿತ ಮರದ ಬುಡದ ಹೊರಭಾಗವೇ ಯೋಗ್ಯ, ಒಳತಿರುಳು ಮೆದುವಾದುದು. ಒಂದು ಸಲಕ್ಕೆ ಎರಡು ಮೂರು ಅಡಿ ಮಾತ್ರ ಬಿಚ್ಚಿ ಕಟ್ಟುವುದು ಕ್ಷೇಮಕರ. ಸಿಮೆಂಟು ಗಾರೆಯಾದರೆ ಕನಿಷ್ಠ 7 ದಿನ ನೀರುಣಿಸಿದ ತರುವಾಯ ಬೆಣೆಗಳನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸತಕ್ಕದ್ದು. ಅದುವರೆಗೆ ಒಳಗೆ ದನಕರುಗಳನ್ನು ಕಟ್ಟಕೂಡದು. ಮುಂಗಾರಿಗೆ ಮುಂಚಿತವಾಗಿ ಈ ಕೆಲಸವನ್ನು ಮುಗಿಸುವುದು ಲೇಸು.