ದಡಾರದ ಚುಚ್ಚುಮದ್ದಿನಿಂದ ಕರುಳು ಕೆಡುತ್ತದೆಯೇ?



ಶಿವಮೊಗ್ಗ ಮತ್ತು ಭದ್ರಾವತಿಯ ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಲಸಿಕೆಯ ಮಾತು ಬಂದಾಗ ಒಂದು ಪ್ರಶ್ನೆ ಏಳುತ್ತದೆ: "ಅಕ್ಕಾ, ದಡಾರದ ಇಂಜೆಕ್ಷನ್ ಹಾಕಿಸಿದ್ರೆ ಮಗೂಗೆ ಕರುಳಿನ ಕಾಯಿಲೆ ಬರುತ್ತಂತೆ, ಹೌದಾ?" 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗಲೂ ಮೊಬೈಲ್‌ಗಳಲ್ಲಿ ಸುಳ್ಳು ಸುದ್ದಿ ಹರಡಿ ಅನೇಕ ಪಾಲಕರು ಹಿಂಜರಿದಿದ್ದರು.

ಭಯ ಹುಟ್ಟಿದ್ದೆಲ್ಲಿ?

ಕರುಳಿನ ಉರಿಯೂತದಲ್ಲಿ ಮುಖ್ಯವಾಗಿ ಎರಡು ವಿಧ: ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್. ಪದೇ ಪದೇ ಭೇದಿ, ರಕ್ತ ಬೀಳುವುದು, ಹೊಟ್ಟೆನೋವು, ತೂಕ ಇಳಿಯುವುದು ಇದರ ಲಕ್ಷಣಗಳು. 1995ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ದಡಾರದ ಲಸಿಕೆ ಪಡೆದವರಲ್ಲಿ ಈ ಕಾಯಿಲೆ ಹೆಚ್ಚು ಎಂದು ಬರೆದರು. ಆದರೆ ಅವರು ಹೋಲಿಸಿದ ಎರಡು ಗುಂಪುಗಳ ಮಾಹಿತಿಯನ್ನು ಬೇರೆ ಬೇರೆ ರೀತಿಯಲ್ಲಿ ಕಲೆಹಾಕಲಾಗಿತ್ತು. ಸೇರಿನಲ್ಲಿ ಅಳೆದದ್ದನ್ನೂ ಕೆ.ಜಿ.ಯಲ್ಲಿ ತೂಗಿದ್ದನ್ನೂ ಹೋಲಿಸಿದರೆ ಲೆಕ್ಕ ಸರಿ ಬರುತ್ತದೆಯೇ?

1998ರಲ್ಲಿ ಅದೇ ತಂಡದ ಡಾ. ಆಂಡ್ರ್ಯೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳನ್ನು ನೋಡಿ, ಎಂಎಂಆರ್ ಲಸಿಕೆಗೂ ಕರುಳಿನ ಉರಿಯೂತ, ಆಟಿಸಂಗೂ ನಂಟು ಇರಬಹುದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ಅವರು ಹಣ ಪಡೆದಿದ್ದು ಆಮೇಲೆ ಬಯಲಾಯಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ವೈದ್ಯರ ಪಟ್ಟಿಯಿಂದ ಅವರ ಹೆಸರನ್ನೂ ತೆಗೆದುಹಾಕಲಾಯಿತು.

ದೊಡ್ಡ ಅಧ್ಯಯನ ಹೇಳಿದ್ದೇನು?

ಫಿನ್ಲೆಂಡಿನಲ್ಲಿ 1982ರಿಂದ 14 ವರ್ಷ, ಸುಮಾರು 30 ಲಕ್ಷ ಡೋಸ್‌ಗಳ ನಂತರದ ತೊಂದರೆಗಳನ್ನು ಗಮನಿಸಿದರು. ಲಸಿಕೆಯಿಂದ ಕರುಳಿನ ಉರಿಯೂತ ಬಂದ ಒಂದು ಉದಾಹರಣೆಯೂ ಸಿಗಲಿಲ್ಲ. ಆದರೆ ದಡಾರ ಬಂದರೆ ನ್ಯುಮೋನಿಯಾ, ಭೇದಿ, ಕುರುಡುತನ, ಸಾವು ಕೂಡ ಬರಬಹುದು.

ಯಾರು ಮೊದಲು ವೈದ್ಯರನ್ನು ಕೇಳಬೇಕು?

ಒಂದು ಎಚ್ಚರಿಕೆ ಮಾತ್ರ ನಿಜ. ಕರುಳಿನ ಉರಿಯೂತಕ್ಕೆ ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಅಂಥವರಿಗೆ ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಫ್ಲೂ, ಹೆಪಟೈಟಿಸ್-ಬಿ ಚುಚ್ಚುಮದ್ದು ಕೊಡಬಹುದು. ಗರ್ಭಿಣಿಯಾಗಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್ ಪಡೆದ ತಾಯಿ ಹೆರಿಗೆಯ ವೇಳೆಯಲ್ಲೇ ಅದನ್ನು ತಿಳಿಸಬೇಕು. ಏಕೆಂದರೆ ಮಗು ಹುಟ್ಟಿದ ಕೂಡಲೇ ಹಾಕುವ ಬಿಸಿಜಿಯೂ ಜೀವಂತ ಲಸಿಕೆ. ಅದನ್ನು ಕೆಲವು ತಿಂಗಳು ಮುಂದೂಡಬೇಕಾಗುತ್ತದೆ. ಇದನ್ನು ಮುಚ್ಚಿಟ್ಟರೆ ಮಗುವಿನ ಜೀವಕ್ಕೇ ಅಪಾಯ.

ಉಳಿದ ಮಕ್ಕಳಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ತಪ್ಪದೆ ಹಾಕಿಸಿ. ಒಂದೆರಡು ದಿನ ಜ್ವರ ಬಂದರೆ ಗಾಬರಿ ಬೇಡ. ಸಂಶಯ ಇದ್ದರೆ ತಾಯಿ ಕಾರ್ಡ್ ಮತ್ತು ಔಷಧಿ ಚೀಟಿ ಹಿಡಿದುಕೊಂಡು ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೋಗಿ ಕೇಳಿ. ಕೇಳಲು ನಾಚಿಕೆ ಬೇಡ. ಕೇಳಿ ತಿಳಿದುಕೊಂಡದ್ದನ್ನು ಪಕ್ಕದ ಮನೆಯವರಿಗೂ ಹೇಳೋಣ.