ಟೈಮ್ ಇತ್ತು, ಶಕ್ತಿ ಇರಲಿಲ್ಲ: 18 ಸಾವಿರ ರೂಪಾಯಿ ಕಲಿಸಿದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಅರಸೀಕೆರೆಯಿಂದ ಮಾತಾಡ್ತಾ ಇದ್ದೀನಿ. ಮಧ್ಯದಲ್ಲಿ ರೈಲಿನ ಹಾರ್ನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಜಂಕ್ಷನ್ ಹತ್ತಿರದ ಮನೆ, ಹಾರ್ನ್ ಇಲ್ಲದ ಹೊತ್ತು ನೋಡಿ ರೆಕಾರ್ಡ್ ಮಾಡ್ತೀನಿ ಅಂದ್ರೆ ಸಂಚಿಕೆನೇ ಬರಲ್ಲ.

ಒಂದು ತಪ್ಪಿನಿಂದ ಶುರು ಮಾಡ್ತೀನಿ. ನಂದೇ ತಪ್ಪು. ಮೂರು ವರ್ಷದ ಹಿಂದಿನ ಮಾತು. ಬಿ.ಕಾಂ. ಮುಗಿಸಿ ಇಲ್ಲೇ ಒಂದು ಅಕೌಂಟ್ಸ್ ಆಫೀಸ್‌ನಲ್ಲಿ ಕೆಲಸಕ್ಕಿದ್ದೆ. ತಿಂಗಳು ತಿಂಗಳು ಜಿಎಸ್‌ಟಿ ಕಟ್ಟೋರಿಗೆ 20ನೇ ತಾರೀಖು ಕೊನೆ ದಿನ. 19ರ ರಾತ್ರಿ ಮನೆಗೆ ಲ್ಯಾಪ್‌ಟಾಪ್ ತಂದು ಕೂತಿದ್ದೆ. ರಾತ್ರಿ ಒಂದು ಗಂಟೆ, ಮೂರನೇ ಲೋಟ ಕಾಫಿ. ಒಬ್ಬ ಕೊಬ್ಬರಿ ಮಂಡಿ ಯಜಮಾನ್ರು 46,000 ಕಟ್ಟಬೇಕಿತ್ತು. ನಾನು ಹಾಕಿದ್ದು 64,000. ಬೆಳಗ್ಗೆ ಅವರಿಗೆ ಚಲನ್ ಕಳಿಸಿದೆ, ನನ್ನ ಮೇಲಿನ ನಂಬಿಕೆ ಮೇಲೆ ಅವರು ಕಟ್ಟಿದ್ರು. ರಿಟರ್ನ್‌ನಲ್ಲೂ ಅದೇ ಅಂಕಿ ಹಾಕಿ ಫೈಲ್ ಮಾಡಿದೆ.

ಕಾಮರ್ಸ್ ಓದಿದವರಿಗೆ ಗೊತ್ತಿರುತ್ತೆ, ಎರಡು ಅಂಕಿ ಅದಲು ಬದಲಾದ್ರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗ ಹೋಗುತ್ತೆ. 18,000. ಭಾಗಿಸಿ ನೋಡಿ, ಸರಿಯಾಗಿ ಹೋಗುತ್ತೆ. ಈ ಸೂತ್ರ ಫಸ್ಟ್ ಇಯರ್‌ನಲ್ಲೇ ಕಲಿತಿದ್ದೆ. ಆದ್ರೆ ರಾತ್ರಿ ಒಂದು ಗಂಟೆಗೆ ಆ ತಲೆ ನನ್ನ ಹತ್ರ ಇರಲಿಲ್ಲ. ಜಿಎಸ್‌ಟಿಆರ್-3ಬಿ ಒಮ್ಮೆ ಸಲ್ಲಿಸಿದ್ರೆ ವಾಪಸ್ ತೆಗೆದು ತಿದ್ದೋಕಾಗಲ್ಲ, ಮುಂದಿನ ತಿಂಗಳ ಲೆಕ್ಕದಲ್ಲಿ ಹೊಂದಿಸ್ಕೋಬೇಕು. ಅಲ್ಲಿವರೆಗೆ ದುಡ್ಡು ಸಿಕ್ಕಿಹಾಕ್ಕೊಂಡ ಹಾಗೆ. ಅದು ಒಬ್ಬ ರೈತರಿಗೆ ಕೊಡೋಕೆ ಅಂತ ಎತ್ತಿಟ್ಟಿದ್ದ ದುಡ್ಡು. ನನ್ನ ಆವಾಗಿನ ತಿಂಗಳ ಸಂಬಳಕ್ಕಿಂತ ಜಾಸ್ತಿ.

ಯಜಮಾನ್ರು ಬೈಯ್ಯಲಿಲ್ಲ. "ಏನಮ್ಮಾ, ರಾತ್ರಿ ನಿದ್ದೆ ಮಾಡ್ತೀಯಾ ಇಲ್ವಾ ನೀನು?" ಅಂದ್ರು, ಅಷ್ಟೇ. ಬೈದಿದ್ರೇ ಚೆನ್ನಾಗಿರ್ತಿತ್ತು ಅನ್ನಿಸ್ತು.

ನನಗೆ ಟೈಮ್ ಇರಲಿಲ್ವಾ? ಇತ್ತು. 18, 19 ಎರಡೂ ದಿನ ಪೂರ್ತಿ ಇತ್ತು. ಪ್ಲ್ಯಾನರ್ ಇತ್ತು, ಫೋನ್‌ನಲ್ಲಿ ಎರಡು ಆ್ಯಪ್ ಇತ್ತು. ಇಲ್ಲದೇ ಇದ್ದದ್ದು ಶಕ್ತಿ. ಟೈಮ್‌ಗಿಂತ ಶಕ್ತಿಯನ್ನ ನಿಭಾಯಿಸಿ ಅನ್ನೋದು ಹೊಸ ಮಾತೇನಲ್ಲ. ಟೋನಿ ಶ್ವಾರ್ಟ್ಜ್ ಮತ್ತು ಕ್ಯಾಥರೀನ್ ಮೆಕಾರ್ಥಿ 2007ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದರ ಬಗ್ಗೆ ಬರೆದಿದ್ರು. ಆದ್ರೆ ನನಗೆ ಇದು ಸರಿಯಾಗಿ ಅರ್ಥ ಆಗಿದ್ದು ನಮ್ಮೂರ ಕೆರೆ ಇಟ್ಕೊಂಡು ಯೋಚಿಸಿದಾಗ.

ಅರಸೀಕೆರೆ ಅಂದ್ರೆ ಅರಸಿಯ ಕೆರೆ. ಹಳೇಬೀಡಿನ ಹಳೆ ಹೆಸರು ದ್ವಾರಸಮುದ್ರ, ಅದೂ ಕೆರೆಯ ಹೆಸರೇ. ಕೆರೆ ಅಂದ್ಮೇಲೆ ನೀರು ಬರೋ ಹಳ್ಳ ಇರಬೇಕು, ನೀರು ಬಿಡೋಕೆ ತೂಬು ಇರಬೇಕು, ಹೆಚ್ಚಾದ ನೀರು ಹೋಗೋಕೆ ಕೋಡಿ ಇರಬೇಕು. ತಳದಲ್ಲಿ ಹೂಳು ತುಂಬಿದ್ರೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ. ತೂಬು ಎಷ್ಟೊತ್ತು ತೆಗೆದಿಟ್ಟೆ ಅನ್ನೋದು ಟೈಮ್ ಲೆಕ್ಕ. ಕೆರೇಲಿ ನೀರೆಷ್ಟಿದೆ ಅನ್ನೋದು ಶಕ್ತಿ ಲೆಕ್ಕ. ನಾನು ಖಾಲಿ ಕೆರೆಯ ತೂಬು ತೆಗೆದು ರಾತ್ರಿಯಿಡೀ ಕಾಯ್ತಾ ಕೂತಿದ್ದೆ.

ಮೊದಲು ಹೂಳು ನೋಡಿ

ಆ ಘಟನೆ ಆದ್ಮೇಲೆ ನಾನು ಮಾಡಿದ ಮೊದಲ ಕೆಲಸ ಇನ್ನೊಂದು ಪ್ಲ್ಯಾನರ್ ತಗೊಂಡಿದ್ದು. ನಗಬೇಡಿ. ಅಮ್ಮನೇ ಒಂದಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಬಿಳುಚ್ಕೊಂಡಿದ್ಯಲ್ಲೇ, ರಕ್ತ ಟೆಸ್ಟ್ ಮಾಡಿಸು" ಅಂದ್ಲು. ಮಾಡಿಸಿದೆ. ಹಿಮೋಗ್ಲೋಬಿನ್ 8.4. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ.

ನಾನು ಸೋಮಾರಿ, ನನಗೆ ಶಿಸ್ತಿಲ್ಲ ಅಂತ ಎರಡು ವರ್ಷ ನನ್ನನ್ನೇ ಬೈಕೊಂಡಿದ್ದೆ. ತೊಂದರೆ ಇದ್ದದ್ದು ಶಿಸ್ತಲ್ಲಲ್ಲ, ರಕ್ತದಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಅಂದ್ರೆ ಅರ್ಧಕ್ಕಿಂತ ಹೆಚ್ಚು. ಅವರಲ್ಲಿ ಎಷ್ಟು ಜನ ತಮ್ಮನ್ನ ತಾವೇ ಸೋಮಾರಿ ಅಂದ್ಕೊಂಡಿರಬಹುದು?

ಅದಕ್ಕೇ ಹೇಳ್ತೀನಿ, ಪೂರ್ತಿ ನಿದ್ದೆ ಮಾಡಿದ್ರೂ ವಾರಗಟ್ಟಲೆ ಸುಸ್ತು ಹೋಗ್ತಿಲ್ಲ ಅಂದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್, ಇದರಲ್ಲಿ ಯಾವುದು ನೋಡಬೇಕು ಅಂತ ಅವರು ಹೇಳ್ತಾರೆ. ಮನಸ್ಸಿಗೂ ಇದೇ ಮಾತು. ಇಷ್ಟವಾದ ಕೆಲಸವೂ ಬೇಡ ಅನ್ನಿಸೋಕೆ ಶುರುವಾಗಿ ಎರಡು ವಾರ ದಾಟಿದ್ರೆ ಅದನ್ನೂ ಡಾಕ್ಟರ್ ಹತ್ರ ಹೇಳಿ. ನನಗೆ ಕಬ್ಬಿಣಾಂಶದ ಮಾತ್ರೆ ಕೊಟ್ರು. ಊಟ ಆದ ತಕ್ಷಣ ಕಾಫಿ, ಟೀ ಬೇಡ ಅಂದ್ರು, ಅದು ಊಟದಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡ್ಕೊಂಡ್ರೆ ಚೆನ್ನಾಗಿ ಹತ್ತುತ್ತೆ. ಮೂರು ತಿಂಗಳಿಗೆ ನನಗೆ ಮೆಟ್ಟಿಲು ಹತ್ತೋಕೆ ದಮ್ಮು ಬಂತು.

ನೀರು ಬರೋ ದಾರಿ

ಹೂಳು ತೆಗೆದ್ಮೇಲೂ ನೀರು ಬರಬೇಕಲ್ಲ. ಅದರಲ್ಲಿ ದೊಡ್ಡ ಹಳ್ಳ ಅಂದ್ರೆ ನಿದ್ದೆ. ಎಚ್ಚರ ಇರೋವಷ್ಟು ಹೊತ್ತೂ ಮಿದುಳಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಸೇರ್ತಾ ಹೋಗುತ್ತೆ, ಅದು ಹೆಚ್ಚಾದಷ್ಟೂ ನಿದ್ದೆ ಎಳೆಯುತ್ತೆ. ನಿದ್ದೆ ಮಾಡಿದ್ರೆ ಕಡಿಮೆ ಆಗುತ್ತೆ. ಕಾಫಿ ಏನು ಮಾಡುತ್ತೆ ಗೊತ್ತಾ? ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತೆ. ಸುಸ್ತು ಹೋಗಿರಲ್ಲ, ಸುಸ್ತಿನ ಸುದ್ದಿ ತಲುಪಿರಲ್ಲ ಅಷ್ಟೇ. ಅಕೌಂಟ್ಸ್ ಭಾಷೇಲಿ ಹೇಳಬೇಕಂದ್ರೆ ಕಾಫಿ ಆದಾಯ ಅಲ್ಲ, ಕೈಸಾಲ.

ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ್ರೆ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತೆ. ನಾವು ಚಿಕ್ಕಮಗಳೂರಿನ ಪಕ್ಕದವರು, ಕಾಫಿ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ಯಾರೂ ಕೇಳಲ್ಲ. ನಾನು ಮಾಡಿದ್ದಿಷ್ಟೇ, ಮಧ್ಯಾಹ್ನ ಎರಡರ ಮೇಲೆ ಕಾಫಿ ನಿಲ್ಲಿಸಿದೆ. ಒಂದು ವಾರ ತಲೆನೋವು ಬಂತು. ಆಮೇಲೆ ರಾತ್ರಿ ಹತ್ತೂವರೆಗೆ ಕಣ್ಣು ತಾನಾಗೇ ಎಳೆಯೋಕೆ ಶುರುವಾಯ್ತು.

ತೂಬು ಯಾವಾಗ ತೆಗೀಬೇಕು

ಮೈಯೊಳಗೆ ಒಂದು ಗಡಿಯಾರ ಇದೆ. ಅದು ಹೇಗೆ ನಡೆಯುತ್ತೆ ಅಂತ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಅನ್ನೋ ಮೂವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಕೆಲವರ ಗಡಿಯಾರ ಬೆಳಗ್ಗೆ ಚುರುಕು, ಕೆಲವರದ್ದು ಸಂಜೆ. ಊಟ ಆದ್ಮೇಲೆ ಮಧ್ಯಾಹ್ನ ತೂಕಡಿಸೋದಕ್ಕೆ ಮುದ್ದೆ ಒಂದನ್ನೇ ಬೈಬೇಡಿ, ಅದರಲ್ಲಿ ಈ ಗಡಿಯಾರದ್ದೂ ಕೈವಾಡ ಇದೆ.

ನಿಮ್ಮ ಗಡಿಯಾರ ಯಾವುದು ಅಂತ ಕಂಡುಹಿಡಿಯೋಕೆ ಆ್ಯಪ್ ಬೇಡ. ಮಂಡೀಲಿ ಕಿರ್ದಿ ಬರೀತಾರಲ್ಲ, ಹಾಗೆ ಬರೀರಿ. ಎರಡು ವಾರ, ಎರಡು ಗಂಟೆಗೊಂದು ಸಲ, ಈಗ ಎಷ್ಟು ಶಕ್ತಿ ಇದೆ ಅಂತ 1ರಿಂದ 5ರ ಒಳಗೆ ಒಂದು ನಂಬರ್. ಪಕ್ಕದಲ್ಲಿ ಏನು ಮಾಡ್ತಿದ್ದೆ ಅಂತ ಎರಡು ಪದ. ನನ್ನ ಪುಸ್ತಕದಲ್ಲಿ ಬಂದದ್ದು ಹೀಗೆ: ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ 4, 5. ಮಧ್ಯಾಹ್ನ ಎರಡರಿಂದ ನಾಲ್ಕು 2. ಸಂಜೆ ಐದರ ನಂತರ 3. ರಾತ್ರಿ ಒಂಬತ್ತಾದ್ಮೇಲೆ 1. ಆ ಚಲನ್ ಮಾಡಿದ ಹೊತ್ತಿಗೆ ಸೊನ್ನೆ ಅಂತ ಬರೀಬೇಕಿತ್ತು.

ಇದನ್ನ ನೋಡಿ ಮೂರು ಬದಲಾವಣೆ ಮಾಡ್ಕೊಂಡೆ. ಒಂದು, ತಪ್ಪಾದ್ರೆ ನಷ್ಟ ಆಗೋ ಕೆಲಸ, ಅಂದ್ರೆ ರಿಟರ್ನ್, ಸ್ಕ್ರಿಪ್ಟ್, ದುಡ್ಡಿನ ವಿಷಯ ಎಲ್ಲ ಬೆಳಗ್ಗೆ. ಫೋನ್ ಮಾಡೋದು, ಬಿಲ್ ಜೋಡಿಸೋದು ಮಧ್ಯಾಹ್ನ. ಎರಡು, ಒಂದು ಸಲಕ್ಕೆ ಒಂದೇ ಕೆಲಸ. ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತೆ ಅಂತ ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಹಾಗಾಗಿ ಆ ಹೊತ್ತಲ್ಲಿ ಫೋನ್ ಪಕ್ಕದ ರೂಮಲ್ಲಿರುತ್ತೆ. ಮೂರು, ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚೋದು. ಜಾಸ್ತಿ ಹೊತ್ತು ಮಲಗಿದ್ರೆ ಗಾಢ ನಿದ್ದೆಗೆ ಹೋಗಿ, ಎದ್ದಾಗ ತಲೆ ಇನ್ನೂ ಭಾರ.

ಬೆಳಗ್ಗೆ ಯಾರದ್ದು?

ಇಲ್ಲೊಂದು ತೊಡಕಿದೆ, ಇದನ್ನ ಇಂಗ್ಲಿಷ್ ವಿಡಿಯೊಗಳಲ್ಲಿ ಯಾರೂ ಹೇಳಲ್ಲ. ನನ್ನ 5 ನಂಬರಿನ ಹೊತ್ತು ನಮ್ಮನೇಲಿ ತಿಂಡಿ ಮಾಡೋ, ನೀರು ಹಿಡಿಯೋ ಹೊತ್ತು. ಅಣ್ಣನ ಹತ್ರ ಹೋಗಿ ಕೇಳಿದೆ, "ಅಣ್ಣ, ಬೆಳಗ್ಗೆ ಒಂದೂವರೆ ಗಂಟೆ ನನಗೆ ಬೇಕು. ನೀರು, ತಿಂಡಿ ಕೆಲಸ ನೀನು ತಗೋತೀಯಾ?" ಅವನು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಉಪ್ಪಿಟ್ಟು ಒಂದೇ ಬರೋದು ನನಗೆ" ಅಂದ. ಎರಡು ತಿಂಗಳು ಉಪ್ಪಿಟ್ಟು ತಿಂದ್ವಿ. ಈಗ ಅವಲಕ್ಕಿ, ಚಿತ್ರಾನ್ನವೂ ಬರುತ್ತೆ.

ಆಮೇಲೆ ಸುಮ್ಮನೆ ಕುತೂಹಲಕ್ಕೆ ಅಮ್ಮನ ಕಿರ್ದಿಯನ್ನೂ ಬರೆದೆ. ನಾನು ಕೇಳೋದು, ಅವಳು ನಂಬರ್ ಹೇಳೋದು. ಒಂದು ವಾರ ಪೂರ್ತಿ 2, 3, 2, 2. ಒಂದೇ ಒಂದು 5 ಬರಲಿಲ್ಲ. "5 ಅಂದ್ರೆ ಹೆಂಗಿರುತ್ತೆ?" ಅಂತ ಕೇಳಿದ್ಲು. ನನಗೆ ಉತ್ತರ ಹೊಳೀಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ದೊಡ್ಡ ಚರ್ಚೆ ಆಯ್ತಲ್ಲ, ಆರು ದಿನಕ್ಕೆ ಹಂಚಿದ್ರೆ ದಿನಕ್ಕೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಅಮ್ಮ ಬೆಳಗ್ಗೆ ಐದೂಕಾಲಿಗೆ ಎದ್ದು ರಾತ್ರಿ ಹತ್ತಕ್ಕೆ ಮಲಗೋಳು, ವಾರದಲ್ಲಿ ಏಳು ದಿನ. ಆ ಗಡಿ ಅವಳು ಯಾವತ್ತೋ ದಾಟಿದ್ದಾಳೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಅಂದಾಜು ಕೊಟ್ಟಿದ್ವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ದುಡಿಮೆಯಿಂದ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7.45 ಲಕ್ಷ ಜನ ಪಾರ್ಶ್ವವಾಯು, ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದಾರೆ ಅಂತ. ಮನೆಗೆಲಸದ ಗಂಟೆಗಳನ್ನ ಸೇರಿಸಿ ಎಣಿಸಿದ್ರೆ ಲೆಕ್ಕ ಎಲ್ಲಿಗೆ ಹೋಗುತ್ತೋ.

ಕೋಡಿ

ಕೆರೆ ತುಂಬಿ ಕೋಡಿ ಬಿದ್ರೆ ಊರಿಗೂರೇ ನೋಡೋಕೆ ಹೋಗುತ್ತೆ, ಬಾಗಿನ ಬಿಡ್ತಾರೆ. ಬದುಕಿನ ಖುಷಿಯೂ ಹಾಗೇ ಅಂತ ನನಗನ್ನಿಸೋದು. ಭಾನುವಾರ ಪೂರ್ತಿ ರಜೆ ಇದ್ರೂ ಮೈಯಲ್ಲಿ ಏನೂ ಮಿಕ್ಕಿಲ್ಲದಿದ್ರೆ ಫೋನ್ ನೋಡ್ಕೊಂಡು ಮಲಗ್ತೀವಿ, ಅಷ್ಟೇ.

ಹೋದ ಚಳಿಗಾಲದಲ್ಲಿ ಅಮ್ಮನನ್ನ ಬೇಲೂರು, ಹಳೇಬೀಡಿಗೆ ಕರ್ಕೊಂಡು ಹೋದೆ. ಅಡುಗೆ ಜವಾಬ್ದಾರಿ ಅಣ್ಣಂದು. ಬಾಣಾವರ, ಜಾವಗಲ್ ಮೇಲೆ ಬಸ್ಸು, ಶಕ್ತಿ ಯೋಜನೆ ಇರೋದ್ರಿಂದ ಟಿಕೆಟ್ ದುಡ್ಡೂ ಇಲ್ಲ. ಇಷ್ಟು ಹತ್ತಿರ ಇದ್ದೂ ಅವಳು ಅಲ್ಲಿಗೆ ಹೋಗಿ ಹದಿನೆಂಟು ವರ್ಷ ಆಗಿತ್ತಂತೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಟಿವೀಲಿ ನೋಡಿದ್ಲು, ಅಷ್ಟೇ.

1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ದೇವಸ್ಥಾನದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ದಾಸೋಜ, ಚಾವಣ, ಇವರು ಬಳ್ಳಿಗಾವೆಯಿಂದ ಬಂದವರು. ಅದನ್ನ ನೋಡ್ತಾ ನನಗೆ ಆ 64,000ದ ಚಲನ್ ನೆನಪಾಯ್ತು. ಅದರ ಮೇಲೆ ನನ್ನ ಹೆಸರು ಕೆತ್ತು ಅಂದಿದ್ರೆ ಕೆತ್ತುತ್ತಿರಲಿಲ್ಲ. ಈಗ ಕೆಲಸ ಮಾಡೋವಾಗ ಆ ಪ್ರಶ್ನೆ ಕೇಳ್ಕೋತೀನಿ: ಇದಕ್ಕೆ ಹೆಸರು ಹಾಕೋವಷ್ಟು ಎಚ್ಚರ ಈಗ ನನ್ನಲ್ಲಿದೆಯಾ? ಇಲ್ಲ ಅಂದ್ರೆ ಲ್ಯಾಪ್‌ಟಾಪ್ ಮುಚ್ಚಿ ಮಲಗ್ತೀನಿ, ಬೆಳಗ್ಗೆ ಬೇಗ ಏಳ್ತೀನಿ.

ಸಂಜೆ ಹಳೇಬೀಡಲ್ಲಿ ಕೆರೆ ನೋಡ್ಕೊಂಡು ಕೂತ್ವಿ. ಅಮ್ಮ ಕಡ್ಲೆಕಾಯಿ ತಿಂತಾ ಇದ್ಲು, ಮಾತಿಲ್ಲ. ಕಿರ್ದಿ ಪುಸ್ತಕ ನನ್ನ ಬ್ಯಾಗಲ್ಲಿತ್ತು. "ಈಗ ಎಷ್ಟಮ್ಮಾ?" ಅಂತ ಕೇಳಿದೆ. "4 ಹಾಕ್ಕೋ. ವಾಪಸ್ ಬಸ್ಸಲ್ಲಿ ಸೀಟ್ ಸಿಕ್ರೆ 5" ಅಂದ್ಲು. ಸಿಕ್ತು. ಜಾವಗಲ್ ಬರೋವಷ್ಟರಲ್ಲಿ ನಿದ್ದೆ ಹೋಗಿದ್ಲು.

ಈ ವಾರ ನೀವೂ ಒಂದು ಪುಸ್ತಕ ಇಟ್ಕೊಳ್ಳಿ. ನಿಮ್ಮದು ಬರೆದಾದ್ಮೇಲೆ ಮನೇಲಿ ಇನ್ನೊಬ್ರದ್ದನ್ನೂ ಬರೀರಿ. ಯಾರ ಕಿರ್ದಿಯಲ್ಲಿ 5 ಇಲ್ವೋ ಅವರ ಒಂದು ಕೆಲಸ ನಿಮ್ಮ ಕಡೆ ತಗೊಳ್ಳಿ. ಉಪ್ಪಿಟ್ಟಿನಿಂದ ಶುರು ಮಾಡಿದ್ರೂ ಸರಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹಾಂ, ಇದನ್ನ ರೆಕಾರ್ಡ್ ಮಾಡ್ತಿರೋದು ಬೆಳಗ್ಗೆ ಏಳು ಗಂಟೆಗೆ.